ತಾಯಿ ಬರುವ ತನಕ

ಬುಧವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಬಂದ ವಾಯ್ಸ್ ಮೆಸೇಜನ್ನು ವೇದಾ ಮೂರು ಸಲ ಕೇಳಿದಳು. ಮೊದಲ ಸಲ ಅರ್ಥವಾಗಲೆಂದು, ಎರಡನೆಯ ಸಲ ಕೇಳಿದ್ದು ನಿಜವೇ ಎಂದು, ಮೂರನೆಯ ಸಲ ತಪ್ಪಿಸಿಕೊಳ್ಳಲು ಅದರಲ್ಲಿ ಏನಾದರೂ ಸಂದು ಇದೆಯೇ ಎಂದು. ಸಂದು ಇರಲಿಲ್ಲ.

"ವೇದಾ ಮೇಡಂ, ನಾನು ದಿವ್ಯ. ಇವತ್ತು ಸಮ್ಮೀನ ಯಾರ್ ಬಂದ್ ಕೇಳಿದ್ರೂ ಕಳಿಸ್ಬೇಡಿ, ಪ್ಲೀಸ್. ನಮ್ಮಾವ ಬಂದ್ರೂ ಕಳಿಸ್ಬೇಡಿ. ಮುಡಿ ಕೊಡ್ಸೋಕೆ ಮನೆದೇವ್ರಿಗೆ ಕರ್ಕೊಂಡ್ ಹೋಗೋ ಪ್ಲಾನ್ ಇದೆ ಅವರದ್ದು. ನಮ್ಮಣ್ಣ ಇಲ್ದೆ ಅದು ಆಗೋದು ನಂಗಿಷ್ಟ ಇಲ್ಲ. ನಾನ್ ಹೇಳ್ದೆ ಅಂತ ಮಾತ್ರ ದಯವಿಟ್ಟು ಅವರ ಹತ್ರ ಹೇಳ್ಬೇಡಿ. ಸಂಜೆ ನಾನೇ ಬರ್ತೀನಿ."

ದಿವ್ಯಳ ಮಾವ ಎಂದರೆ ಚಿಕ್ಕಹನುಮಯ್ಯನವರು. ಅವರು ಬರೀ ದಿವ್ಯಳ ಮಾವನಾಗಿದ್ದರೆ ವೇದಾ ಇಷ್ಟು ಹೆದರಬೇಕಿರಲಿಲ್ಲ. ವೇದಾಳ ಡೇ ಕೇರ್ ನಡೆಯುತ್ತಿದ್ದ ಮನೆ ಅವರದು. ಎದುರಿನ ಖಾಲಿ ಸೈಟು ಅವರದು, ಪಕ್ಕದ ಎರಡು ಬಿಲ್ಡಿಂಗುಗಳು ಅವರವು, ಕೋಗಿಲು ಇನ್ನೂ ಹಳ್ಳಿಯಾಗಿದ್ದಾಗ ಈ ಜಾಗದಲ್ಲೆಲ್ಲ ರಾಗಿ ಬೆಳೆದವರೂ ಅವರೇ. ಹನ್ನೊಂದು ತಿಂಗಳ ಅಗ್ರಿಮೆಂಟು ಈ ತಿಂಗಳ ಕೊನೆಗೆ ಮುಗಿಯುವುದರಲ್ಲಿತ್ತು. "ಮುಂದಿನ್ ವಾರ ಬಾ ಟೀಚ್ರಮ್ಮ, ಒಸಾ ಪೇಪರ್ ಮಾಡ್ಸಾಣ" ಎಂದು ಭಾನುವಾರ ತಾನೇ ಹೇಳಿ ಹೋಗಿದ್ದರು. ಇನ್ನೂ ಪೇಪರ್ ಆಗಿರಲಿಲ್ಲ.

ಬಾಡಿಗೆ ಮನೆ ಹುಡುಕುವುದು ಬೆಂಗಳೂರಿನಲ್ಲಿ ಎಲ್ಲರಿಗೂ ಕಷ್ಟವೇ. ಆದರೆ ಡೇ ಕೇರಿಗೆಂದು ಮನೆ ಕೇಳಿಕೊಂಡು ಹೋದವರಿಗೆ ಮಾಲೀಕರ ನಿಜವಾದ ಮುಖ ಗೊತ್ತಾಗುತ್ತದೆ. ಹನ್ನೆರಡು ವರ್ಷ ದೊಡ್ಡ ಶಾಲೆಯೊಂದರಲ್ಲಿ ಪುಟ್ಟ ಮಕ್ಕಳ ಟೀಚರಾಗಿದ್ದು, ಇನ್ನೊಬ್ಬರ ಕೈಕೆಳಗೆ ಸಾಕು ಎನಿಸಿ, ವೇದಾ ಮೊದಲು ಶುರು ಮಾಡಿದ್ದು ಕೆಂಪಾಪುರದ ಒಂದು ಫ್ಲ್ಯಾಟಿನಲ್ಲಿ. ಏಳನೇ ತಿಂಗಳಿಗೆ ಅಸೋಸಿಯೇಷನ್‌ನವರು ಮಕ್ಕಳ ಗಲಾಟೆ ಎಂದು ಎಬ್ಬಿಸಿದರು. ಮನೆ ಬದಲಾಯಿಸಿದ ಆ ಒಂದು ತಿಂಗಳಲ್ಲಿ ಇದ್ದ ಹದಿನಾರು ಮಕ್ಕಳಲ್ಲಿ ಹನ್ನೊಂದು ಮಕ್ಕಳು ಬೇರೆಡೆ ಹೋದವು. ತಾಯಂದಿರ ತಪ್ಪೇನಿಲ್ಲ, ನಾಳೆ ಬೆಳಿಗ್ಗೆ ಆಫೀಸಿಗೆ ಹೋಗಬೇಕಾದವರಿಗೆ ವೇದಾ ಮನೆ ಹುಡುಕುವ ತನಕ ಕಾಯಲು ಆಗುತ್ತದೆಯೇ? ಆ ತಿಂಗಳಲ್ಲಿ ಇಪ್ಪತ್ತೇಳು ಮನೆ ನೋಡಿದಳು. ಮಕ್ಕಳು ಎಂದ ಕೂಡಲೇ ಮಾಲೀಕರೆಲ್ಲ ಹುಳಿ ಮಾವಿನಕಾಯಿ ಕಚ್ಚಿದವರಂತೆ ಮುಖ ಮಾಡಿದರು. ಇಪ್ಪತ್ತೆಂಟನೆಯವರು ಚಿಕ್ಕಹನುಮಯ್ಯನವರು. "ಮಕ್ಳ ಸದ್ದಿದ್ರೆ ಮನೇಗೇ ಒಳ್ಳೇದು ಕಣವ್ವ" ಎಂದು ಆವತ್ತೇ ಬೀಗದ ಕೈ ಕೊಟ್ಟಿದ್ದರು. ಅಷ್ಟೇ ಅಲ್ಲ, ತಮ್ಮ ಮೊಮ್ಮಗಳು ಸಂಯುಕ್ತಾಳನ್ನೂ, ಎಂದರೆ ಸಮ್ಮಿಯನ್ನೂ, ಇಲ್ಲಿಗೇ ಸೇರಿಸಿದ್ದರು. ಮಗ ಶರತ್ ಮತ್ತು ಸೊಸೆ ದಿವ್ಯ ಕೋಗಿಲು ಕ್ರಾಸಿನ ಹತ್ತಿರ ಅಪಾರ್ಟ್‌ಮೆಂಟಿನಲ್ಲಿ ಬೇರೆ ಇದ್ದರು. ಅಜ್ಜಿ ಮುನಿಕೃಷ್ಣಮ್ಮನ ಮಂಡಿ ಮಗುವಿನ ಹಿಂದೆ ಓಡಲು ಬಿಡುತ್ತಿರಲಿಲ್ಲ.

ಈಗ ಮತ್ತೆ ಹದಿನೆಂಟು ಮಕ್ಕಳಾಗಿದ್ದವು. ಇನ್ನೊಂದು ಸಲ ಮನೆ ಬಿಡಿಸಿದರೆ ಮೂರನೆಯ ಸಲ ಶುರು ಮಾಡುವ ಶಕ್ತಿ ತನಗಿಲ್ಲ ಎಂಬುದು ವೇದಾಳಿಗೆ ಚೆನ್ನಾಗಿ ಗೊತ್ತಿತ್ತು.

ಈ ಮುಡಿಯ ವಿಚಾರವೂ ಆಕೆಗೆ ಹೊಸದಲ್ಲ. ದಿವ್ಯ ಮಗುವನ್ನು ಬಿಡಲು ಬಂದಾಗಲೆಲ್ಲ ಗೇಟಿನ ಹತ್ತಿರ ಸ್ವಲ್ಪ ಸ್ವಲ್ಪವಾಗಿ ಹೇಳಿಕೊಂಡಿದ್ದಳು. ಸಮ್ಮಿಗೆ ಮುಂದಿನ ತಿಂಗಳು ಮೂರು ತುಂಬುತ್ತದೆ. ಅಷ್ಟರೊಳಗೆ ಮನೆದೇವರಿಗೆ ಮುಡಿ ಕೊಡಬೇಕು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವವನು, ಮೊದಲ ಕತ್ತರಿ ಹಾಕುವವನು ಸೋದರಮಾವ. ಆ ಸೋದರಮಾವ, ದಿವ್ಯಳ ಅಣ್ಣ ಮನೋಹರ್, ನಾಮಕರಣದ ದಿನ ತನಗೆ ಸರಿಯಾಗಿ ಮರ್ಯಾದೆ ಆಗಲಿಲ್ಲವೆಂದು ಹಾಕಿದ ಎಲೆಯನ್ನು ಬಿಟ್ಟು ಎದ್ದು ಹೋಗಿದ್ದ. ಚಿಕ್ಕಹನುಮಯ್ಯನವರು ಏನನ್ನು ಬೇಕಾದರೂ ಮರೆಯಬಲ್ಲರು, ತಮ್ಮ ಮನೆಯ ಎಲೆ ಬಿಟ್ಟು ಎದ್ದವನನ್ನು ಮರೆಯಲಾರರು. ದೂರದ ನೆಂಟನೊಬ್ಬನನ್ನು ಸೋದರಮಾವನ ಜಾಗದಲ್ಲಿ ಕೂರಿಸಿ ಕೆಲಸ ಮುಗಿಸಲು ಅವರು ಓಡಾಡುತ್ತಿದ್ದಾರೆ ಎಂದು ದಿವ್ಯ ಹೋದ ವಾರವೇ ಕಣ್ಣು ಒರೆಸಿಕೊಂಡಿದ್ದಳು.

ವೇದಾ ಕಪಾಟಿನಿಂದ ಸಮ್ಮಿಯ ಫಾರ್ಮು ತೆಗೆದು ನೋಡಿದಳು. ಮಗುವನ್ನು ಕರೆದೊಯ್ಯಬಹುದಾದವರ ಪಟ್ಟಿಯಲ್ಲಿ ಮೂರು ಹೆಸರು: ದಿವ್ಯ, ಶರತ್, ಚಿಕ್ಕಹನುಮಯ್ಯ. ಎಲ್ಲ ದಿವ್ಯಳ ಕೈಬರಹವೇ.

ಈ ಪಟ್ಟಿಯ ಪದ್ಧತಿ ವೇದಾ ಕಲಿತದ್ದು ಹೆಬ್ಬಾಳದಲ್ಲಿ, ಡೇ ಕೇರ್ ನಡೆಸುವ ಹೆಂಗಸರಿಗೆಂದು ನಡೆದ ಆರು ಭಾನುವಾರಗಳ ತರಬೇತಿಯಲ್ಲಿ. ಅಲ್ಲಿಯ ಮೇಡಂ ನೇರ ಮಾತಿನವರು. "ಮಕ್ಕಳನ್ನ ನೋಡ್ಕೊಳೋದು ನಿಮಗೆಲ್ಲ ಗೊತ್ತು. ವ್ಯವಹಾರ ಗೊತ್ತಿಲ್ಲ. ನಿಯಮ ಇಲ್ದಿರೋ ಡೇ ಕೇರ್ ನೆಂಟರ ಮನೆ ಇದ್ದಂಗೆ. ಯಾರ್ ಬಂದ್ರೂ ಕಾಫಿ ಕೊಡ್ಬೇಕು, ಯಾರ್ ಕೇಳಿದ್ರೂ ಮಗು ಕೊಡ್ಬೇಕು" ಎಂದಿದ್ದರು. ಪಟ್ಟಿ ಬರೆಸಿ, ಬದಲಾವಣೆ ಇದ್ದರೆ ತಾಯಿಯಿಂದ ಆವತ್ತೇ ತಿಳಿದುಕೊಳ್ಳಿ, ತಾಯಿ ಬೇಡ ಎಂದ ದಿನ ಪಟ್ಟಿಯಲ್ಲಿದ್ದವರಿಗೂ ಇಲ್ಲ. ವೇದಾ ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಶ್ರದ್ಧೆಯಿಂದ ಬರೆದುಕೊಂಡಿದ್ದಳು. ಮನೆಯ ಮಾಲೀಕನೇ ಮಗುವಿನ ಅಜ್ಜನಾದರೆ ಏನು ಮಾಡಬೇಕೆಂದು ಮಾತ್ರ ಅಲ್ಲಿ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಬರದೇ ಇರಲಿ ದೇವರೇ ಎಂದುಕೊಂಡಳು. ಹತ್ತೂವರೆಯಾದರೂ ಯಾರೂ ಬರಲಿಲ್ಲ. ಹನ್ನೆರಡಕ್ಕೆ ರಾಹುಕಾಲ, ದೇವಸ್ಥಾನ ಇರುವುದು ದೇವನಹಳ್ಳಿಯ ಆಚೆ. ಇನ್ನು ಬಂದರೂ ಹೊತ್ತಿಗೆ ತಲುಪಲಾರರು ಎನಿಸಿ ಸ್ವಲ್ಪ ಉಸಿರು ಬಿಟ್ಟಳು. ಅಷ್ಟರಲ್ಲಿ ಮಗುವೊಂದು ಚಡ್ಡಿ ಒದ್ದೆ ಮಾಡಿಕೊಂಡಿತು. ಅದನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು. ಆಯಾ ಪಟಾಲಮ್ಮನಿಗೆ ಬೆಳಗಿನ ಮೆಸೇಜಿನ ವಿಚಾರ ಹೇಳಬೇಕೆಂದು ಎರಡು ಸಲ ಬಾಯಿ ತೆರೆದಿದ್ದಳು. ಪಟಾಲಮ್ಮ ಇದೇ ಊರಿನವಳು, ಆಕೆಯ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಮುನಿಕೃಷ್ಣಮ್ಮನ ಕಿವಿಗೂ ಬೀಳುತ್ತದೆ ಎಂದು ಎರಡು ಸಲವೂ ಸುಮ್ಮನಾಗಿದ್ದಳು. ಅದೇ ತಪ್ಪಾಯಿತು.

ಬಚ್ಚಲಿನಲ್ಲಿದ್ದಾಗ ಗೇಟಿನ ಸದ್ದು ಕೇಳಿಸಿತು. ಆಮೇಲೆ ಪಟಾಲಮ್ಮನ ಸಂಭ್ರಮದ ದನಿ. "ಬನ್ನಿ ಯಜಮಾನ್ರೇ, ಬನ್ನಿ! ಸಮ್ಮೀ, ನೋಡು ಯಾರ್ ಬಂದ್ರು! ತಾತ!"

ವೇದಾ ಮಗುವನ್ನು ಅವಸರದಲ್ಲಿ ತೊಳೆದು ಒರೆಸಿ, ಸೋಪಿನ ಕೈಯಲ್ಲೇ ಓಡಿಬಂದಳು. ಪಟಾಲಮ್ಮ ಸಮ್ಮಿಗೆ ಶೂ ಹಾಕಿ, ತಲೆ ಬಾಚಿ, ಬ್ಯಾಗು ನೇತುಹಾಕಿ ಆಗಿಹೋಗಿತ್ತು. ಬಿಳಿ ಪಂಚೆ, ಬಿಳಿ ಶರಟು ತೊಟ್ಟ ಚಿಕ್ಕಹನುಮಯ್ಯನವರು ಗೇಟಿನಲ್ಲಿ ನಿಂತಿದ್ದರು, ಮೊಮ್ಮಗಳು ಅವರ ತೋಳಿನ ಮೇಲಿದ್ದಳು. ರಸ್ತೆಯಲ್ಲಿ ಕಾರು ಚಾಲೂ ಇತ್ತು. ಮುಂದಿನ ಸೀಟಿನಲ್ಲಿ ಮುನಿಕೃಷ್ಣಮ್ಮ ರೇಷ್ಮೆ ಸೀರೆಯುಟ್ಟು, ಹಣ್ಣುಕಾಯಿಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಏನ್ ಟೀಚ್ರಮ್ಮ, ಬತ್ತೀನಿ. ಒತ್ತಾಯ್ತು. ಮಧ್ಯಾಹ್ನದೊಳಗೆ ತಂದ್ ಬಿಡ್ತೀನಿ."

"ಯಜಮಾನ್ರೇ, ಒಂದ್ ನಿಮಿಷ."

"ಒಂದ್ ನಿಮಿಷಾನೂ ಇಲ್ಲ ಕಣವ್ವ. ಅನ್ನೆಲ್ಡಕ್ಕೆ ರಾವುಕಾಲ. ಪೂಜಾರಿ ಕಾಯ್ತಾವ್ನೆ."

"ಇವತ್ತು ಮಗೂನ ಕಳಿಸೋಕಾಗಲ್ಲ ಯಜಮಾನ್ರೇ."

ಚಿಕ್ಕಹನುಮಯ್ಯನವರು ನಕ್ಕರು. ಅವರಿಗೆ ತಮಾಷೆ ಎನಿಸಿತ್ತು. ವೇದಾ ನಗಲಿಲ್ಲ. ನಗು ಅವರ ಮುಖದಲ್ಲೇ ಉಳಿದು ನಿಧಾನವಾಗಿ ಆರಿತು.

"ಆಗಾಕಿಲ್ವಾ? ಯಾಕೆ? ಪಟ್ಟೀಲಿ ನನ್ನೆಸ್ರೈತಲ್ಲ?"

"ಇದೆ. ಆದ್ರೂ ಇವತ್ತು ತಾಯಿ ಬರೋ ತನಕ ಕಳಿಸಲ್ಲ."

"ದಿವ್ಯ ಏಳವ್ಳಾ?"

ಹೌದು ಎಂದರೆ ತನ್ನ ತಲೆಯ ಮೇಲಿನ ಭಾರ ಇಳಿಯುತ್ತದೆ. ಇಳಿದು ಆ ಹುಡುಗಿಯ ತಲೆಯ ಮೇಲೆ ಬೀಳುತ್ತದೆ. "ಇಲ್ಲ. ಇದು ನಮ್ಮ ನಿಯಮ. ಮುಂಚೆ ತಿಳಿಸ್ದೆ ಮಧ್ಯದಲ್ಲಿ ಕರ್ಕೊಂಡ್ ಹೋಗೋ ಹಾಗಿಲ್ಲ" ಎಂದಳು. ಅಂಥ ನಿಯಮ ಇರಲಿಲ್ಲ. ಈ ಕೆಲಸಕ್ಕೆ ಇಳಿದ ಮೇಲೆ ಮಗುವಿನ ವಿಚಾರದಲ್ಲಿ ಹೇಳಿದ ಮೊದಲ ಸುಳ್ಳು ಅದು, ಅದನ್ನೂ ನೆಟ್ಟಗೆ ಹೇಳಲು ಬರಲಿಲ್ಲ.

"ಫೋನ್ ಮಾಡವ್ವ ಅವಳ್ಗೆ. ಈಗ್ಲೇ ಮಾಡು, ನನ್ ಮುಂದೇನೇ."

ಮಾಡಿದಳು. ರಿಂಗಾಗಿ ರಿಂಗಾಗಿ ಕಟ್ಟಾಯಿತು. ದಿವ್ಯ ಇದ್ದದ್ದು ಯಲಹಂಕ ನ್ಯೂ ಟೌನಿನ ಬ್ಯಾಂಕೊಂದರ ಕೌಂಟರಿನಲ್ಲಿ, ಜನ ಇರುವಾಗ ಫೋನು ಡ್ರಾಯರಿನಲ್ಲಿರುತ್ತದೆ. ಚಿಕ್ಕಹನುಮಯ್ಯನವರು ಮಗನಿಗೆ ತಾವೇ ಮಾಡಿದರು. ಶರತ್ ಕಂಪನಿ ಕೆಲಸದ ಮೇಲೆ ಪುಣೆಯಲ್ಲಿದ್ದ. ಅಪ್ಪನಿಗೂ ಹೆಂಡತಿಗೂ ತಿಕ್ಕಾಟ ಇರುವ ದಿನಗಳಲ್ಲಿ ಫೋನು ಎತ್ತದಿರುವ ವಿದ್ಯೆಯನ್ನು ಆತ ಚೆನ್ನಾಗಿ ಕಲಿತಿದ್ದ. ಈಗಲೂ ಎತ್ತಲಿಲ್ಲ.

"ದೇವ್ರು ವರ ಕೊಟ್ರೂ ಪೂಜಾರಿ ಕೊಡ ಅಂದಂಗಾಯ್ತು" ಎಂದರು ಮುದುಕರು. "ಮನೆ ನಂದು, ಮಗು ನಂದು. ನೀನ್ ಯಾವೂರ್ ಪೂಜಾರಿ?"

ವೇದಾಳಿಗೆ ನೆನಪಾದದ್ದು ಜೈಬುನ್ನೀಸಾ. ಹದಿನೈದು ದಿನದ ಹಿಂದೆ ಆ ಅಜ್ಜಿ ಮಗಳ ಮಗನನ್ನು ಕರೆದೊಯ್ಯಲು ಮೊದಲ ಸಲ ಬಂದಿದ್ದಳು. ಪಟ್ಟಿಯಲ್ಲಿ ಹೆಸರಿಲ್ಲವೆಂದು, ಮಗಳು ಫೋನ್ ಎತ್ತುವ ತನಕ ಆಕೆಯನ್ನು ಮುಕ್ಕಾಲು ಗಂಟೆ ಇದೇ ಗೇಟಿನ ಹೊರಗೆ ಕಾಯಿಸಿದ್ದಳು ವೇದಾ. ಅವತ್ತು ಆ ಮುದುಕಿಯನ್ನು ಬಿಸಿಲಿನಲ್ಲಿ ನಿಲ್ಲಿಸಿ ಹೇಳಿದ ನಿಯಮ ಇವತ್ತು ಕಾರಿನಲ್ಲಿ ಬಂದ ಮಾಲೀಕರಿಗೆ ಇಲ್ಲವೆಂದರೆ, ನಾಳೆ ಯಾವ ಮುಖ ಇಟ್ಟುಕೊಂಡು ಗೇಟು ತೆರೆಯಬೇಕು?

ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಮುಂದೆ ಚಾಚಿದಳು. "ಸಮ್ಮೀ, ಬಾ ಪುಟ್ಟ. ಕಥೆ ಟೈಮ್ ಆಯ್ತು."

ಮಗುವಿಗೇನು ಗೊತ್ತು? ಕಥೆ ಎಂದದ್ದೇ ತಡ, ತಾತನ ತೋಳಿನಿಂದ ಜಿಗಿದು ವೇದಾಳ ಕುತ್ತಿಗೆಗೆ ಜೋತುಬಿತ್ತು. ಚಿಕ್ಕಹನುಮಯ್ಯನವರ ಕೈಗಳು ಮಗುವನ್ನು ಹಿಡಿದ ಹದದಲ್ಲೇ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತವು. ಅದನ್ನು ನೋಡಿ ವೇದಾಳಿಗೆ ಅಳು ಬಂತು. ಆ ಮನುಷ್ಯ ತನಗೆ ಯಾವ ಕೆಟ್ಟದ್ದನ್ನೂ ಮಾಡಿರಲಿಲ್ಲ, ಯಾರೂ ಮಾಡದ ಉಪಕಾರ ಮಾಡಿದ್ದರು.

ಬೈಯುತ್ತಾರೆ ಎಂದುಕೊಂಡಳು. ಬೈಯಲಿಲ್ಲ. ಶರಟಿನ ತೋಳು ಸರಿಮಾಡಿಕೊಂಡು, "ಒಳ್ಳೇದು" ಎಂದರು. ಹೋಗಿ ಕಾರಿನಲ್ಲಿ ಕೂತರು. ಮುನಿಕೃಷ್ಣಮ್ಮ ಇತ್ತ ತಿರುಗಿ ಸಹ ನೋಡಲಿಲ್ಲ.

ಆ "ಒಳ್ಳೇದು" ವೇದಾಳ ತಲೆಯಿಂದ ಹೋಗಲಿಲ್ಲ. ಕಥೆ ಹೇಳುವಾಗ ಮೊಲದ ಜಾಗದಲ್ಲಿ ಆಮೆ ಎಂದಳು, ಮಕ್ಕಳೇ ತಿದ್ದಿದವು. ಊಟಕ್ಕೆ ಕೂರಿಸುವಾಗ ತಲೆ ಎಣಿಸಿದರೆ ಒಂದು ಸಲ ಹದಿನೇಳು ಬಂತು. ಮತ್ತೆ ಎಣಿಸಿದಾಗ ಹದಿನೆಂಟೂ ಇದ್ದವು.

ಪಟಾಲಮ್ಮ ಅನ್ನ ಕಲಸುತ್ತಾ ಗೊಣಗುತ್ತಲೇ ಇದ್ದಳು. "ಯಜಮಾನ್ರ ಮಗೀನ ಯಜಮಾನ್ರಿಗೆ ಕೊಡಕ್ಕೆ ಯಾರ್ನ ಕೇಳ್ಬೇಕಿತ್ತು ಮೇಡಮ್ನೋರೇ? ನಮ್ಮತ್ತೆ ಕಾಲ್ದಿಂದ ನೋಡಿವ್ನಿ ಅವರ್ನ. ಇಡೀ ಊರ್ನಾಗೆ ಒಬ್ರು ಅವ್ರಿಗೆ ಇಲ್ಲ ಅಂದಿಲ್ಲ."

"ನನ್ನ ಕೇಳದೆ ಯಾರಿಗೂ ಮಗು ಕೊಡ್ಬಾರ್ದು ಅಂತ ಎಷ್ಟ್ ಸಲ ಹೇಳಿದೀನಿ?"

"ಯಾರ್ಗೂ ಅಂದ್ರೆ ಬ್ಯಾರೇರ್ಗೆ. ಅವರು ಬ್ಯಾರೇರಾ?"

ಇದಕ್ಕೆ ಯಾವ ತರಬೇತಿಯಲ್ಲಿ ಉತ್ತರವಿದೆ? ಈ ಊರಿನಲ್ಲಿ ಯಾರೂ ಬೇರೆಯವರಲ್ಲ ಎಂದೇ ಪಟಾಲಮ್ಮ ಬೆಳೆದವಳು. ಬೆಳಿಗ್ಗೆಯೇ ಆಕೆಗೆ ಹೇಳದೆ ಇದ್ದ ತನ್ನ ಮೇಲೇ ವೇದಾಳಿಗೆ ಸಿಟ್ಟು ಬಂತು. ಹೇಳಿದ್ದರೆ ಮಗು ತಾತನ ತೋಳು ಸೇರುತ್ತಿರಲಿಲ್ಲ, ಅಲ್ಲಿಂದ ಕಿತ್ತುಕೊಂಡಂತೆಯೂ ಆಗುತ್ತಿರಲಿಲ್ಲ.

ಗಂಡ ಅಶ್ವತ್ಥ್‌ಗೆ ಫೋನ್ ಮಾಡಿದಳು. ಆತ ಯಶವಂತಪುರದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಸೂಪರ್‌ವೈಸರ್. ಮಷೀನಿನ ಸದ್ದಿನ ನಡುವೆ ಎಲ್ಲ ಕೇಳಿಸಿಕೊಂಡ.

"ಅಲ್ವೇ, ಮನೆ ಅವರದ್ದು, ಮಗೂನೂ ಅವರದ್ದೇ. ಮಧ್ಯದಲ್ಲಿ ನಿಂದೇನು?"

"ಮಗು ತಾಯಿದು ರೀ. ತಾಯಿ ನನ್ ಕೈಗೆ ಕೊಟ್ ಹೋಗಿರೋದು."

"ಹಂಗಿದ್ರೆ ಆ ತಾಯಿ ಹೇಳಿದ್ದು ಅಂತಾನಾದ್ರೂ ಹೇಳು. ಮೆಸೇಜ್ ಇದೆಯಲ್ಲ, ಕೇಳಿಸ್ಬಿಡು. ಅವರ ಮನೆ ಜಗಳ ಅವರೇ ನೋಡ್ಕೊಳ್ಲಿ. ನೀನ್ ಯಾಕ್ ಸಾಯ್ತೀಯ?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ದಿವ್ಯಳೇನೋ ಹೇಳಿಬಿಟ್ಟಳು. ಕೋಲಾಗಿ ಸಿಕ್ಕಿಬಿದ್ದವಳು ವೇದಾ. "ನೋಡ್ತೀನಿ" ಎಂದು ಫೋನ್ ಇಟ್ಟಳು.

ಒಂದೂವರೆಗೆ ಮಕ್ಕಳೆಲ್ಲ ಚಾಪೆಯ ಮೇಲೆ ಮಲಗಿದ್ದಾಗ ಗೇಟು ಮತ್ತೆ ಸದ್ದು ಮಾಡಿತು. ಬಂದವನು ವೆಂಕಟೇಶಪ್ಪ, ಏರಿಯಾದ ಮನೆ ಬ್ರೋಕರು. ಜೊತೆಯಲ್ಲಿ ಮೀಸೆ ಹೊತ್ತ ಒಬ್ಬ ಅಪರಿಚಿತ. ವೆಂಕಟೇಶಪ್ಪನ ಕೈಯಲ್ಲಿ ಅಳತೆಯ ಟೇಪು.

"ಮೇಡಂ, ಎರಡೇ ನಿಮಿಷ. ಯಜಮಾನ್ರು ಅಳತೆ ತಗೊಂಡ್ ಬಾ ಅಂದ್ರು. ಇವ್ರು ಟೈಲ್ಸ್ ಶೋರೂಮ್ ಮಾಡೋರು."

"ಯಾವಾಗ ಅಂದ್ರು?"

"ಈಗ್ ತಾನೇ. ಹನ್ನೆರಡ್ ಗಂಟೇಲಿ."

ಮಕ್ಕಳು ಮಲಗಿವೆ, ಆಮೇಲೆ ಬನ್ನಿ ಎನ್ನಬೇಕಿತ್ತು. ಬೆಳಿಗ್ಗೆ ಒಂದು ಸಲ ಇಲ್ಲ ಎಂದಾಗಿತ್ತು, ಎರಡನೆಯ ಸಲ ಎನ್ನುವ ಧೈರ್ಯ ಬರಲಿಲ್ಲ. ಚಪ್ಪಲಿ ಬಿಟ್ಟು ಬನ್ನಿ ಎಂದಷ್ಟೇ ಹೇಳಿದಳು. ವೆಂಕಟೇಶಪ್ಪ ಮಲಗಿದ ಮಕ್ಕಳ ತಲೆಯ ಪಕ್ಕದಿಂದ ಟೇಪು ಎಳೆದ. ಮೀಸೆಯವನು ಗೋಡೆಯ ಮೇಲೆ ಅಂಟಿಸಿದ್ದ ಮಕ್ಕಳ ಚಿತ್ರಗಳನ್ನು ನೋಡಿ, "ಇದೆಲ್ಲ ತೆಗೀಬೋದಲ್ವಾ?" ಎಂದು ಪಿಸುಗುಟ್ಟಿದ. ಹಾಲ್ ಹದಿನೆಂಟಕ್ಕೆ ಇಪ್ಪತ್ತೆರಡು ಅಡಿ ಎಂದು ಬರೆದುಕೊಂಡರು. ವೇದಾ ಗೋಡೆಗೆ ಒರಗಿ ನಿಂತಿದ್ದಳು. ಅವರು ಹೋದ ಮೇಲೆ ಅಲ್ಲೇ ಮಕ್ಕಳ ಪಕ್ಕ ಕೂತಳು.

ಮೂರು ಗಂಟೆಗೆ ದಿವ್ಯಳಿಂದ ಎರಡು ಸಾಲು ಬಂತು. "ಅತ್ತೆ ಫೋನ್ ಮಾಡಿದ್ರು. ತುಂಬಾ ಥ್ಯಾಂಕ್ಸ್ ಮೇಡಂ. ದಯವಿಟ್ಟು ನನ್ ಹೆಸ್ರು ಹೇಳ್ಬೇಡಿ." ವೇದಾ ಟೈಲ್ಸ್ ಅಂಗಡಿಯವನ ವಿಚಾರ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೊನೆಗೆ ಸರಿ ಎಂದಷ್ಟೇ ಕಳಿಸಿದಳು. ಆಮೇಲೆ ಒಂದೊಂದಾಗಿ ಯೋಚಿಸಿದಳು, ಯಾವ ತಾಯಿಗೆ ಹೇಗೆ ಹೇಳುವುದೆಂದು. ಕೆಂಪಾಪುರದಲ್ಲಿ ಹೇಳಿದ ಮಾತುಗಳೇ ಎಲ್ಲ, ಒಂದು ತಿಂಗಳು ಸುಧಾರಿಸಿಕೊಳ್ಳಿ, ಬೇಗ ಜಾಗ ಸಿಗುತ್ತದೆ. ಆ ಮಾತು ಕೇಳಿ ಹೊರಟ ಹನ್ನೊಂದು ತಾಯಂದಿರಲ್ಲಿ ಒಬ್ಬರೂ ತಿರುಗಿ ಬಂದಿರಲಿಲ್ಲ.

ಸಂಜೆ ಐದಕ್ಕೆ ಮಕ್ಕಳನ್ನು ಕರೆದೊಯ್ಯುವವರು ಬರತೊಡಗಿದರು. ಐದೂಕಾಲಿಗೆ ಚಿಕ್ಕಹನುಮಯ್ಯನವರು ಬಂದರು, ಈ ಸಲ ನಡೆದುಕೊಂಡು, ಒಬ್ಬರೇ. ಪಟಾಲಮ್ಮ ಓಡಿಹೋಗಿ ಒಳಗಿನಿಂದ ಕುರ್ಚಿ ತರುವುದರೊಳಗೆ ವರಾಂಡದಲ್ಲಿದ್ದ ಮಕ್ಕಳ ಪುಟ್ಟ ಕೆಂಪು ಕುರ್ಚಿಯ ಮೇಲೆ ಕೂತುಬಿಟ್ಟಿದ್ದರು. ಮಂಡಿ ಗದ್ದಕ್ಕೆ ಬರುತ್ತಿತ್ತು. ನಗು ಬರುವ ನೋಟವೇ, ಆದರೆ ಯಾರೂ ನಗಲಿಲ್ಲ.

"ಕಾಫಿ ತರ್ಲಾ ಯಜಮಾನ್ರೇ?"

"ಬ್ಯಾಡ. ದಿವ್ಯ ಬರ್ಲಿ."

ಸಮ್ಮಿ ತಾತನ ಮುಂದೆ ಬ್ಲಾಕು ಜೋಡಿಸುತ್ತಾ ಕೂತಳು. ಅವರು ಆಕೆಯನ್ನು ಮುಟ್ಟಲಿಲ್ಲ. ಜೈಬುನ್ನೀಸಾ ಮೊಮ್ಮಗನ ಶೂ ಕಟ್ಟುವ ನೆಪದಲ್ಲಿ ಅಲ್ಲೇ ಬಗ್ಗಿದ್ದಳು. ಇಲ್ಲಿ ಏನೋ ನಡೆಯುತ್ತಿದೆ ಎಂದು ಆಕೆಗೂ ವಾಸನೆ ಹತ್ತಿತ್ತು. ಐದೂಮುಕ್ಕಾಲಿಗೆ ದಿವ್ಯಳ ಸ್ಕೂಟರು ಬಂತು. ಹೆಲ್ಮೆಟ್ ತೆಗೆದ ಕೂಡಲೇ ಮಾವನನ್ನು ನೋಡಿ ಆಕೆಯ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

"ಬಾ ಮಗ" ಎಂದರು ಚಿಕ್ಕಹನುಮಯ್ಯನವರು. "ಒಂದ್ ಮಾತ್ ಕೇಳ್ಬೇಕು. ಬೆಳಿಗ್ಗೆ ಮಗೀನ ಕಳಿಸ್ಬ್ಯಾಡ ಅಂತ ಈ ಟೀಚ್ರಮ್ಮಂಗೆ ನೀನೇನಾರ ಏಳಿದ್ಯಾ?"

ದಿವ್ಯ ವೇದಾಳತ್ತ ನೋಡಿದಳು. ಕಣ್ಣು ತಪ್ಪಿಸಿದಳು. "ಇಲ್ಲ ಮಾವ."

ವೇದಾಳ ಫೋನು ಕೈಯಲ್ಲೇ ಇತ್ತು. ಬೆಳಗಿನ ಮೆಸೇಜು ಒಂದು ಬೆರಳಿನ ದೂರದಲ್ಲಿತ್ತು. ಒತ್ತಿದರೆ ದಿವ್ಯಳ ದನಿಯೇ ಎಲ್ಲವನ್ನೂ ಹೇಳುತ್ತದೆ, ಮನೆ ಉಳಿಯುತ್ತದೆ, ಹದಿನೆಂಟು ಮಕ್ಕಳೂ ಉಳಿಯುತ್ತವೆ. ವೇದಾಳಿಗೆ ಆ ಹುಡುಗಿಯ ಮೇಲೆ ಕೆಂಡದಂಥ ಸಿಟ್ಟು ಬಂತು. ಇವಳಿಗೆ ಧೈರ್ಯವನ್ನೂ ನಾನೇ ಬಾಡಿಗೆಗೆ ಕೊಡಬೇಕೇ ಎನಿಸಿತು. ಆದರೆ ತಾಯಿಯೊಬ್ಬಳು ನಂಬಿ ಹೇಳಿದ ಮಾತನ್ನು ಹತ್ತು ಜನರ ಮುಂದೆ ಹರಾಜು ಹಾಕಿ ಉಳಿಸಿಕೊಂಡ ಜಾಗದಲ್ಲಿ ನಾಳೆಯಿಂದ ಯಾವ ತಾಯಿ ಯಾವ ಮಾತನ್ನು ಹೇಳಿಯಾಳು? ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಳು.

"ಯಜಮಾನ್ರೇ, ಅವರನ್ನ ಯಾಕ್ ಕೇಳ್ತೀರ? ನಾನೇ ಕಳಿಸ್ಲಿಲ್ಲ."

"ಸರಿ. ನೀನೇ ಕಳಿಸ್ಲಿಲ್ಲ" ಎಂದು ಅವರು ತಲೆಯಾಡಿಸಿದರು. "ಇವತ್ತಿನ್ ದಿನ ಓಯ್ತು, ಓಗ್ಲಿ ಬುಡು. ಸೋಮ್ವಾರ ಇನ್ನೊಂದ್ ದಿನ ಐತಂತೆ. ಅವತ್ತೂ ನಾನೇ ಬತ್ತೀನಿ. ಮುಂಚೇನೇ ಏಳ್ತಾ ಇವ್ನಿ ನೋಡು, ಎಲ್ರ ಮುಂದೆ. ಕಳಿಸ್ತೀಯಾ?"

ಎಂಥ ಸುಲಭದ ದಾರಿ ತೆರೆದುಕೊಟ್ಟರು ಮುದುಕರು! ಬೆಳಗಿನ ಸುಳ್ಳು ನಿಯಮವನ್ನೇ ಹಿಡಿದು ಅದರಿಂದಲೇ ಬಾಗಿಲು ಮಾಡಿಕೊಟ್ಟಿದ್ದರು. ಆಗಲಿ ಎಂದರೆ ಮುಗಿಯಿತು. ಟೈಲ್ಸಿನವನು ಬೇರೆ ಜಾಗ ನೋಡಿಕೊಳ್ಳುತ್ತಾನೆ. ಸೋಮವಾರ ಬರುವುದು ಸೋಮವಾರಕ್ಕೆ. ದಿವ್ಯ ಈಗಲಾದರೂ ಬಾಯಿ ಬಿಡಬಾರದೇ ಎಂದು ವೇದಾ ಆಕೆಯನ್ನೇ ನೋಡಿದಳು. ದಿವ್ಯ ಹೆಲ್ಮೆಟ್ಟಿನ ಪಟ್ಟಿಯನ್ನು ತಿರುವುತ್ತಾ ನೆಲ ನೋಡುತ್ತಿದ್ದಳು. ಸಮ್ಮಿ ಬ್ಲಾಕಿನ ಮೇಲೆ ಬ್ಲಾಕು ಇಡುತ್ತಿದ್ದಳು, ಗುಂಗುರು ಕೂದಲು ಹಣೆಯ ಮೇಲೆ ಬಿದ್ದಿತ್ತು.

"ತಾಯಿ ಬಾಯಿಬಿಟ್ಟು ಕಳಿಸಿ ಅಂದ್ರೆ ಕಳಿಸ್ತೀನಿ" ಎಂದಳು ವೇದಾ. "ಅವರು ಹೇಳದಿದ್ರೆ ಸೋಮವಾರಾನೂ ಇಲ್ಲ. ನೀವು ಮನೆ ಕೊಟ್ಟೋರು, ನಿಮ್ಮ ಋಣ ನನ್ ಮೇಲಿದೆ. ಅದನ್ನ ಮಗೂನ ಕೊಟ್ಟು ತೀರ್ಸೋಕೆ ನಂಗಾಗಲ್ಲ ಯಜಮಾನ್ರೇ. ಇಲ್ಲಿ ಬಿಟ್ಟ ಮೇಲೆ ತಾಯಿ ಬರೋ ತನಕ ಅದು ನನ್ ಜವಾಬ್ದಾರಿ."

ಅಯ್ಯೋ ಎಂದಳು ಪಟಾಲಮ್ಮ, ಕೇಳಿಸುವಂತೆಯೇ.

ಚಿಕ್ಕಹನುಮಯ್ಯನವರು ಆ ಪುಟ್ಟ ಕುರ್ಚಿಯಿಂದ ಕಷ್ಟಪಟ್ಟು ಎದ್ದರು. ಯಾರೂ ಕೈ ಕೊಡಲು ಧೈರ್ಯ ಮಾಡಲಿಲ್ಲ. "ಒಳ್ಳೇದು" ಎಂದರು ಮತ್ತೆ. "ತಿಂಗ್ಳ ಕೊನೇಗೆ ಬೀಗದ್ ಕೈ ತಂದ್ಕೊಡು. ನನ್ ಮನೇಲಿ ನಂಗಿಲ್ದಿರೋ ಮಾತು ಇನ್ಯಾರ್ಗೂ ಬ್ಯಾಡ."

ವೇದಾ ಆಗಲಿ ಎಂದು ತಲೆಯಾಡಿಸಿದಳು. ಇಪ್ಪತ್ತೆಂಟು ಮನೆಗಳ ಮೆಟ್ಟಿಲು ಹತ್ತಿಳಿದದ್ದೆಲ್ಲ ಒಟ್ಟಿಗೆ ನೆನಪಾಯಿತು. ಜೈಬುನ್ನೀಸಾ ಮೊಮ್ಮಗನನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

"ನಾನೇ ಹೇಳಿದ್ದು ಮಾವ."

ದಿವ್ಯಳ ದನಿ ಎಷ್ಟು ಸಣ್ಣಗಿತ್ತೆಂದರೆ ಗೇಟಿನ ತನಕ ಹೋಗಿದ್ದ ಚಿಕ್ಕಹನುಮಯ್ಯನವರಿಗೆ ಕೇಳಿಸಿತೋ ಇಲ್ಲವೋ ಎಂದು ಅನುಮಾನವಾಯಿತು. ಅವರು ತಿರುಗಿದರು.

"ಏನಂದೆ?"

"ನಾನೇ ಕಳಿಸ್ಬೇಡಿ ಅಂತ ಹೇಳಿದ್ದು. ನನ್ ಹೆಸ್ರು ಹೇಳ್ಬೇಡಿ ಅಂತಾನೂ ನಾನೇ ಬೇಡ್ಕೊಂಡೆ. ಈಗ ನಿಮ್ ಮುಂದೆ ಸುಳ್ಳೂ ಹೇಳ್ದೆ." ದಿವ್ಯ ಅಳುತ್ತಿದ್ದಳು, ಆದರೆ ಮಾತು ನಿಲ್ಲಿಸಲಿಲ್ಲ. "ಅಣ್ಣ ಎಲೆ ಬಿಟ್ಟು ಎದ್ದಿದ್ದು ತಪ್ಪು ಮಾವ. ಅದಕ್ಕೆ ನಾನ್ ಬೇಕಾದ್ರೆ ನಿಮ್ ಕಾಲಿಗ್ ಬೀಳ್ತೀನಿ. ಆದ್ರೆ ಅವ್ನ್ ಬದ್ಕಿರೋವಾಗ ಅವ್ನ್ ಜಾಗದಲ್ಲಿ ಇನ್ಯಾರನ್ನೋ ಕೂರ್ಸಿ ನನ್ ಮಗಳ ಮುಡಿ ತೆಗಿಸ್ಬೇಡಿ."

"ಅದ್ನ ನನ್ ಕೇಳ್ಬೋದಿತ್ತಲ್ಲ ನೀನು? ಕದ್ದು ಇಂಗ್ ಮಾಡೋ ಬದ್ಲು?"

"ನೀವ್ ನನ್ ಕೇಳಿದ್ರಾ ಮಾವ?"

ಕೋಗಿಲಿನಲ್ಲಿ ಆ ಮನುಷ್ಯನನ್ನು ಹೀಗೆ ಯಾರೂ ಕೇಳಿರಲಿಕ್ಕಿಲ್ಲ. ಪಟಾಲಮ್ಮ ಸೆರಗನ್ನು ಬಾಯಿಗೆ ಇಟ್ಟುಕೊಂಡಳು. ಚಿಕ್ಕಹನುಮಯ್ಯನವರು ಸೊಸೆಯನ್ನು ನೋಡಿದರು. ಆಮೇಲೆ ವೇದಾಳನ್ನು ನೋಡಿದರು, ಮೇಜಿನ ಮೇಲೆ ಬೋರಲಾಗಿ ಬಿದ್ದಿದ್ದ ಫೋನನ್ನೂ ನೋಡಿದರು. ರಸ್ತೆಯಲ್ಲಿ ಯಾರೋ ನಮಸ್ಕಾರ ಯಜಮಾನ್ರೇ ಎಂದು ಬೈಕಿನಲ್ಲಿ ಹೋದರು, ಅವರಿಗೂ ಉತ್ತರ ಸಿಗಲಿಲ್ಲ.

"ಎಂಥಾ ಗಟ್ಟಿ ಬಾಯಮ್ಮ ನಿಂದು" ಎಂದರು ಕೊನೆಗೆ, ವೇದಾಳಿಗೆ. ಹೊಗಳಿದರೋ ಬೈದರೋ ತಿಳಿಯಲಿಲ್ಲ. "ಮನೆ ಓದ್ರೂ ಬಾಯ್ ಬುಡ್ಲಿಲ್ವಲ್ಲ. ಬೀಗದ್ ಕೈ ನಿನ್ತಾವ್ಲೇ ಇರ್ಲಿ. ಆ ವೆಂಕಟೇಶಪ್ಪನ್ಗೆ ನಾನ್ ಏಳ್ಕೊತೀನಿ."

ವೇದಾ ಕೈ ಮುಗಿದಳು. ಅವರು ಅದನ್ನು ನೋಡಲು ನಿಲ್ಲಲಿಲ್ಲ. ಮೆಲ್ಲಗೆ ಮೊಮ್ಮಗಳ ಹತ್ತಿರ ಬಂದರು. ಅಭ್ಯಾಸದಂತೆ ಬಗ್ಗಿ ಎರಡೂ ಕೈ ಚಾಚಿದರು. ಅರ್ಧಕ್ಕೇ ನಿಲ್ಲಿಸಿದರು. ಬಗ್ಗಿದವರು ಬಗ್ಗಿದಂತೆಯೇ ತಲೆಯೆತ್ತಿ ಸೊಸೆಯನ್ನು ಕೇಳಿದರು.

"ಎತ್ಕೊಳ್ಲಾ?"

ಸಮ್ಮಿ ಆಗಲೇ ಎರಡೂ ಕೈ ಮೇಲೆತ್ತಿದ್ದಳು. ಮುದುಕರು ಮಾತ್ರ ದಿವ್ಯಳ ಮುಖವನ್ನೇ ನೋಡುತ್ತಾ ಕಾಯುತ್ತಿದ್ದರು.